ಎಣಿಕೆಗೆ ಹಿಡಿಯದ ಕುರಿ

ಮೊದಲ ಸಲ ನೋಡಿದಾಗ ಜಬೀನ ನದಾಫಳನ್ನು ನಾನು ಕಡಲೆ ನೋಡುವ ಹಾಗೇ ನೋಡಿದೆ. ತೂಕ ನಲವತ್ತೆರಡು ಕಿಲೋ, ಬೆನ್ನ ಮೇಲಿನ ಚೀಲ ಸೇರಿದರೆ ಐವತ್ತು. ಒಣಗಿದ ಮಾಲು, ಹಸಿ ಇಲ್ಲ. ಕಲ್ಲು, ಕಸ, ಹುಳುಕು ಮೇಲ್ನೋಟಕ್ಕೆ ಕಾಣಲಿಲ್ಲ. ಕನ್ನಡಕದ ಒಂದು ಕಡ್ಡಿ ಮುರಿದದ್ದಕ್ಕೆ ಗಾದಿ ಹೊಲಿಯುವ ದಪ್ಪ ದಾರ ಸುತ್ತಿತ್ತು. ಅಪ್ಪ ಟಿಪ್ಪುಸಾಬ ನರೇಗಲ್ಲಿನಲ್ಲಿ ಅರಳೆ ಹಿಂಜಿ ಗಾದಿ ಮಾಡುವವನೆಂದು ಆಮೇಲೆ ತಿಳಿಯಿತು. ಗಜೇಂದ್ರಗಡದ ಪೇಟೆಯಲ್ಲಿ ನಾನು ಕಾಳಿನ ಅಂಗಡಿ ಇಟ್ಟು ನಲವತ್ತು ವರ್ಷ. ಚೀಲದಿಂದ ಒಂದು ಮುಷ್ಟಿ ತೆಗೆದರೆ ಮಾಲು ಎಷ್ಟು ದಿನ ತಾಳುತ್ತದೆಂದು ಹೇಳಬಲ್ಲೆನೆಂಬ ಗರ್ವವಿತ್ತು. ಈ ಹುಡುಗಿ ಮೂರು ತಿಂಗಳು ಎಂದುಕೊಂಡೆ. ಆರು ವರ್ಷ ತಾಳಿದಳು. ಹುಳುಕು ಹಿಡಿದದ್ದು ನನ್ನ ಅಂದಾಜಿಗೆ.

ಗೋದಾಮಿನ ಮೇಲಿನ ಕೋಣೆ ಖಾಲಿ ಇದೆಯೆಂದು ಯಾರೋ ಹೇಳಿ ಕಳಿಸಿದ್ದರು.

“ಏನ್ ಕೆಲಸಾ ತಂಗಿ?” ಎಂದೆ.

“ಪಿಎಚ್‌ಡಿ ಮಾಡಾಕತ್ತೀನ್ರಿ ಕಾಕಾ. ನೈಸರ್ಗಿಕ ಸಂಪನ್ಮೂಲ, ಪರಿಸರ ವಿಜ್ಞಾನ.”

“ಅದರಾಗ ಮಾಲು ಯಾವ್ದು?”

“ತೋಳಾರೀ.”

“ಮಾರ್ತಿಯೋ, ಕೊಳ್ತಿಯೋ?”

“ಎಣಸ್ತೀನ್ರಿ.”

ಎಣಿಸುವವರ ಮೇಲೆ ನನಗೆ ಮೊದಲಿನಿಂದಲೂ ಒಂದು ಗೌರವ. ಕೋಣೆ ಕೊಟ್ಟೆ.

ಎಣಿಸುವ ರೀತಿ ಹೀಗೆ. ಗಜೇಂದ್ರಗಡದ ಗುಡ್ಡಸಾಲು, ಸೂಡಿಯ ಹೊಲಗಳ ಅಂಚು, ಅತ್ತ ನರಗುಂದದ ಗುಡ್ಡದವರೆಗೆ ಅವಳು ನಲವತ್ತು ಜಾಗ ಗುರುತು ಮಾಡಿಕೊಂಡಿದ್ದಳು. ಸಂಜೆ ಇಲ್ಲವೇ ನಸುಕಿನಲ್ಲಿ ಸ್ಕೂಟಿ ಮೇಲೆ ಹೋಗಿ, ಒಂದು ಧ್ವನಿವರ್ಧಕದಿಂದ ತೋಳ ಕೂಗುವ ಧ್ವನಿಮುದ್ರಣ ಹಾಕಬೇಕು. ಐದು ನಿಮಿಷ ಕಾಯಬೇಕು. ಮತ್ತೆ ಹಾಕಬೇಕು. ಹೀಗೆ ಮೂರು ಸಲ. ಗುಡ್ಡದಲ್ಲಿ ತೋಳವಿದ್ದರೆ, ನೆಂಟರು ಕರೆದರೆಂದು ತಿಳಿದು ತಿರುಗಿ ಕೂಗುತ್ತದೆ. ಕೂಗಿದರೆ ದಿಕ್ಕು, ಹೊತ್ತು, ದೂರ ಬರೆದುಕೊಳ್ಳುವುದು. ಕೂಗದಿದ್ದರೆ ಸೊನ್ನೆ ಬರೆಯುವುದು.

ಆ ಧ್ವನಿಯನ್ನು ಅವಳು ಎಲ್ಲಿಂದಲೋ ತಂದದ್ದಲ್ಲ. ಬಂದ ಮೊದಲ ಚಳಿಗಾಲದಲ್ಲಿ, ಗಾಳಿಗಿರಣಿಗಳು ನಿಂತಿರುವ ಗುಡ್ಡದ ಆಚೆ, ಒಂದು ನಸುಕಿನಲ್ಲಿ ಎಡಕಿವಿ ಹರಿದ ಹೆಣ್ಣು ತೋಳವೊಂದು ಕೂಗಿದ್ದನ್ನು ತಾನೇ ಹಿಡಿದುಕೊಂಡಿದ್ದಳು. ಇಪ್ಪತ್ತು ದಿನಕ್ಕೆ ಅದೇ ತೋಳ ರಸ್ತೆ ಬದಿಗೆ ಬಿದ್ದಿತ್ತು, ಯಾವುದೋ ಲಾರಿ ಬಡಿದು. ಹರಿದ ಕಿವಿಯ ಮೇಲೆ ಗುರುತು ಹಿಡಿದಳು. ಅದನ್ನು ಹುಗಿದು ಬಂದ ದಿನ ಅನ್ನ ಬಿಟ್ಟಿದ್ದಳು. ಮರುದಿನ ಸಂಜೆ ಅದರದೇ ದನಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಗುಡ್ಡ ಹತ್ತಿದಳು. ಆಮೇಲಿನ ವರ್ಷಗಳೆಲ್ಲ ಆ ಗುಡ್ಡಗಳಲ್ಲಿ ಕರೆದದ್ದು ಸತ್ತ ತೋಳ.

ಒಂದು ಸಂಜೆ, ಏನು ಮಹಾ ನೋಡೋಣವೆಂದು ನಾನೂ ಹೋದೆ. ಪೆಟ್ಟಿಗೆಯನ್ನು ಬಂಡೆಯ ಮೇಲಿಟ್ಟು ಗುಂಡಿ ಒತ್ತಿದಳು. ಮೊದಲು ಸಣ್ಣಗೆ, ಹೆಣ್ಣುಮಗಳು ಬಾವಿಯೊಳಗೆ ಬಗ್ಗಿ ಯಾರನ್ನೋ ಕರೆದ ಹಾಗೆ. ಆಮೇಲೆ ಏರಿ, ಏರಿದಲ್ಲೇ ನಿಂತು, ಇಳಿಯಿತು. ಕೆಳಗಿನ ಊರಿನ ನಾಯಿಗಳು ಒಮ್ಮೆಲೇ ಸುಮ್ಮನಾದವು. ಗಾಳಿಗಿರಣಿಯ ರೆಕ್ಕೆಗಳು ಮಾತ್ರ ಹೂಂ ಹೂಂ ಎಂದು ಒಪ್ಪಿಕೊಳ್ಳುತ್ತಿದ್ದವು. ಮೂರು ಸಲ ಹಾಕಿ, ಮೂರು ಸಲ ಕಾದು, ವಹಿಯಲ್ಲಿ ಸೊನ್ನೆ ಬರೆದಳು.

“ಏನೂ ಇಲ್ಲಂದ್ರ ಬರಿಯೂದ್ಯಾಕ?” ಎಂದೆ.

“ಸೊನ್ನಿನೂ ಬರೀಬೇಕ್ರಿ ಕಾಕಾ. ಬರೀಲಿಲ್ಲಂದ್ರ ನಾ ಬಂದೇ ಇಲ್ಲ ಅಂತ ಆಗ್ತೈತಿ.”

ಅವತ್ತಿನಿಂದ ನನ್ನ ಅಂಗಡಿಯ ಶಟರ್ ಹಾಳಾಯಿತು. ಎಣ್ಣೆ ಬಿಟ್ಟೆ, ಪಟ್ಟಿ ಬದಲಿಸಿದೆ. ಎಳೆದರೆ ಮೊದಲು ಸಣ್ಣಗೆ, ಆಮೇಲೆ ಏರಿ, ಏರಿದಲ್ಲೇ ನಿಂತು ಇಳಿಯುತ್ತದೆ. ಪಕ್ಕದ ಅಂಗಡಿಯವರಿಗೆ ಹಾಗೆ ಕೇಳಿಸುವುದಿಲ್ಲವಂತೆ.

ನಾಲ್ಕು ವರ್ಷ ಸೊನ್ನೆ ಬರೆದಳು. ಮೊದಲ ಚಳಿಗಾಲದ ಆ ಒಂದು ಕೂಗು ಬಿಟ್ಟರೆ ಬೇರೆ ಏನೂ ಇಲ್ಲ. ಮೈ ಇನ್ನೂ ಇಳಿಯಿತು; ಕನ್ನಡಕದ ದಾರ ಎರಡು ಸಲ ಬದಲಾಯಿತು.

ಒಂದು ಸಂತೆಯ ದಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ, ಈ ಡಾಕ್ಟರ್ ಪದವಿಗೆ ಏನೇನು ಬೇಕೆಂದು ಕೇಳಿದೆ. ಬೆರಳು ಮಡಚುತ್ತ ಹೇಳಿದಳು. ಮೊದಲು ಒಂದು ವರ್ಷ ಪಾಠ, ಅದರ ಪರೀಕ್ಷೆ. ಏನು ಮಾಡುತ್ತೇನೆಂದು ಬರೆದುಕೊಟ್ಟು ಒಪ್ಪಿಗೆ. ಆರು ತಿಂಗಳಿಗೊಮ್ಮೆ ಸಮಿತಿಯ ಮುಂದೆ ನಿಂತು ಎಷ್ಟು ಕೆಲಸವಾಯಿತೆಂಬ ವರದಿ. ಒಳ್ಳೆಯ ಪತ್ರಿಕೆಯಲ್ಲಿ ಎರಡು ಲೇಖನ ಅಚ್ಚಾಗಬೇಕು. ಆಮೇಲೆ ಮಹಾಪ್ರಬಂಧ. ಅದನ್ನು ಎಲ್ಲಿಂದಲೂ ಕದ್ದಿಲ್ಲವೆಂದು ಯಂತ್ರದ ಸರ್ಟಿಫಿಕೇಟು. ಮುಖ ನೋಡದ ಇಬ್ಬರು ಹೊರಗಿನ ಪರೀಕ್ಷಕರು. ಕೊನೆಗೆ ಎಲ್ಲರೆದುರು ಬಾಯಿಮಾತಿನ ಪರೀಕ್ಷೆ. ಇಷ್ಟೂ ಆರು ವರ್ಷದೊಳಗೆ; ಒಂದು ದಿನ ಹೆಚ್ಚಾದರೂ ನೋಂದಣಿ ರದ್ದು.

“ಇಷ್ಟು ಕಂಡೀಷನ್ ಹಾಕೂ ಗಿರಾಕೀನ್ನ ನಾ ಅಂಗಡಿ ಮೆಟ್ಲಾ ಹತ್ತಗೊಡಂಗಿಲ್ಲ,” ಎಂದೆ.

ನಕ್ಕಳು. “ಒಂದ ಲೇಖನ ಆಗೈತ್ರಿ. ಎರಡನೇದು ಆಗವಲ್ದು. ಬರೇ ಸೊನ್ನಿ ಯಾರು ಅಚ್ಚ ಹಾಕ್ತಾರ? ಒಂದ ಉತ್ತರಾ ಬಂದಿದ್ರ ಸಾಕಿತ್ರಿ.”

ಅವಳು ಕಪ್ಪು ಇಟ್ಟು ಮೇಲೆ ಹೋದಳು. ಜೋಳದ ಚೀಲದ ಪಕ್ಕ ಕುಕ್ಕರುಗಾಲಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದವಳು ದೇವವ್ವ. ಸೂಡಿ ಕಡೆಯ ಗುಡ್ಡದ ಇಳಿಜಾರಿನಲ್ಲಿ ಕುರಿ ಮೇಯಿಸುವ ಮುದುಕಿ, ಎಪ್ಪತ್ತು ದಾಟಿದವಳು, ಬಾಯಲ್ಲಿ ಒಂದೂ ಹಲ್ಲಿಲ್ಲ. ಜಬೀನ ಕೆಲಸ ಮುಗಿಸಿ ಬರುವಾಗ ಅವಳ ಹಟ್ಟಿಯಲ್ಲಿ ರೊಟ್ಟಿ ತಿಂದು ಬರುವುದಿತ್ತು.

“ಉತ್ತರಾ ಬರಲಿಲ್ಲಂದ್ರ ಕೂಸು ಡಾಕ್ಟರ್ ಆಗಂಗಿಲ್ಲೇನ್ರಿ ಸಾವಕಾರ್ರ?” ಎಂದು ಕೇಳಿದಳು.

“ಆಗಂಗಿಲ್ಲ ನೋಡು.”

“ತೋಳಂತೂ ಇಲ್ಲರೀ ಅಲ್ಲಿ.”

ಜೋಳ ತೂಗುತ್ತ ನಾನು ಹೇಳಿದೆ: “ತೋಳಿಲ್ಲಂದ್ರ ನೀನರ ಒಂದು ಕೂಗು ಕೊಡು ಮುದಕಿ. ಹುಡುಗಿ ಬಾಳೇ ಹಸನಾಕ್ಕೈತಿ.”

ದಿನಕ್ಕೆ ಇಂಥ ಐವತ್ತು ಮಾತು ಆಡುವವನು ನಾನು. ಪೇಟೆಯಲ್ಲಿ ಯಾರೂ ಅವನ್ನು ಕಟ್ಟಿಕೊಂಡು ಮನೆಗೆ ಒಯ್ಯುವುದಿಲ್ಲ. ಕುರಿಹಟ್ಟಿಯಲ್ಲಿ ಹಾಗಲ್ಲ. ಸಾವಕಾರ ತಕ್ಕಡಿ ಹಿಡಿದುಕೊಂಡು ಆಡಿದ ಮಾತನ್ನು ಅವರು ತೂಕದ ಮಾತು ಎಂದೇ ತಿಳಿಯುತ್ತಾರೆ. ಇದು ನನಗೆ ಗೊತ್ತಿರಬೇಕಿತ್ತು.

ಹದಿನೈದು ದಿನ ಕಳೆದಿರಬೇಕು. ಸಂಜೆ ಜಬೀನ ಮಿರ್ಚಿ ಭಜಿಯ ಪೊಟ್ಟಣ ಹಿಡಿದು ಬಂದಳು. “ಕೂಗ್ತ್ರಿ ಕಾಕಾ. ಗುಡ್ಡದ ಆಚಿ ಕಡಿಂದ. ದೂರ ಇತ್ತು, ಗಾಳಿ ಬಾಳ ಇತ್ತು, ಆದ್ರ ಕೂಗ್ತು.” ಇಡೀ ಪೇಟೆಗೆ ಭಜಿ ಹಂಚಿದಳು. ನಾನೂ ಎರಡು ತಿಂದೆ.

ಮುಂದಿನ ಸಂತೆಗೆ ದೇವವ್ವ ಬಂದಳು. ಜೋಳ ಕೇಳಲಿಲ್ಲ. ಕತ್ತಿನ ಮೇಲೆ ಕೈಯಿಟ್ಟು, ಒಡೆದ ಪಿಸುದನಿಯಲ್ಲಿ ಹೇಳಿದಳು.

“ಗಂಟಲಾ ಕುಂತೈತ್ರಿ ಸಾವಕಾರ್ರ. ಒಣಶುಂಠಿ ಕೊಡ್ರಿ.”

ಶುಂಠಿಯನ್ನು ತಕ್ಕಡಿಗೆ ಹಾಕಿದೆ. ಮುಳ್ಳು ನೆಟ್ಟಗಾಗುವುದರೊಳಗೆ ನನಗೆ ತಿಳಿಯಿತು. ಅವಳು ನನ್ನ ಮುಖ ನೋಡಲಿಲ್ಲ, ನಾನು ಅವಳ ಮುಖ ನೋಡಲಿಲ್ಲ. ಶುಂಠಿಗೆ ದುಡ್ಡು ಬೇಡವೆಂದೆ. ಆ ಸಂಜೆಯೇ ಮೇಲಿನ ಕೋಣೆಯ ಮೆಟ್ಟಿಲು ಹತ್ತಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹತ್ತಲಿಲ್ಲ. ಗಿರಾಕಿ ನಗುತ್ತ ಹೊರಟಾಗ ಕೂಗಿ ಕರೆದು ತೂಕದಲ್ಲಿ ತಪ್ಪಾಗಿದೆ ಎನ್ನುವ ರೂಢಿ ನಮ್ಮ ಕಸುಬಿನಲ್ಲಿಲ್ಲ.

ಆ ಚಳಿಗಾಲದಲ್ಲಿ ಇನ್ನೆರಡು ಸಲ ಉತ್ತರ ಬಂತು. ಒಟ್ಟು ಮೂರು. ಅವಳ ಗೈಡು ಮೇಡಂ ಧ್ವನಿಮುದ್ರಣ ಕೇಳಿ, ಗಾಳಿಗಿರಣಿಯ ಸದ್ದಿನಲ್ಲಿ ಸರಿಯಾಗಿ ತಿಳಿಯುವುದಿಲ್ಲ, ‘ಬಹುಶಃ’ ಎಂದು ಬರೆ ಅಂದರಂತೆ. ಬಹುಶಃ ಎಂದೇ ಬರೆದಳು. ಲೇಖನ ಅಚ್ಚಾಯಿತು. ತಂದು ನನ್ನ ದುಡ್ಡಿನ ಗಲ್ಲೆಯ ಮೇಲಿಟ್ಟಳು. ಇಂಗ್ಲಿಷು, ಅದರಲ್ಲಿ ನನಗೆ ಓದಲು ಬಂದದ್ದು ಮೂರು ಎಂಬ ಅಂಕಿಯೊಂದೇ. ಅದು ನನ್ನನ್ನೇ ನೋಡುತ್ತಿತ್ತು.

ಇಲ್ಲಿ ದೇವವ್ವನ ಹಟ್ಟಿಯ ಒಂದು ಪದ್ಧತಿ ಹೇಳಬೇಕು. ಸಂಜೆ ಕುರಿ ಒಳಗೆ ಹಾಕುವಾಗ ಎಣಿಸುತ್ತಾರಷ್ಟೆ. ನೂರಾಹನ್ನೆರಡು ಕುರಿ ಇದ್ದರೆ ದೇವವ್ವ ನೂರಾಹನ್ನೊಂದು ಎಂದು ನಿಲ್ಲಿಸುತ್ತಾಳೆ. ಒಂದು ಕುರಿಯನ್ನು ಎಣಿಕೆಗೆ ಹಿಡಿಯುವುದಿಲ್ಲ. ಅದು ತೋಳನ ಕುರಿ. ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ, ಉಣ್ಣೆಯನ್ನೂ ಕತ್ತರಿಸುವಂತಿಲ್ಲ. ತೋಳ ಯಾವ ಕುರಿಯನ್ನೇ ಒಯ್ಯಲಿ, ಆ ಎಣಿಸದ ಕುರಿಯೇ ಹೋಯಿತೆಂದು ಲೆಕ್ಕ. ಉಳಿದ ಆ ಕುರಿಯನ್ನು ಹಿಂಡಿನ ಎಣಿಕೆಗೆ ಸೇರಿಸಿಕೊಂಡು, ಹೊಸದೊಂದನ್ನು, ಮರಿಯನ್ನೋ ಬೆಳೆದ ಟಗರನ್ನೋ, ತೋಳನ ಹೆಸರಿಗೆ ಬಿಡುತ್ತಾರೆ. ಕಾಡಿನವರ ಪಾಲು ಕಾಡಿನವರಿಗೆ, ಜಗಳವಿಲ್ಲ.

ಮೊದಲ ಉತ್ತರ ಬಂದು ಹನ್ನೊಂದು ತಿಂಗಳಾಗಿತ್ತು. ಸಂಜೆ ಜಬೀನ ದೇವವ್ವನ ಹಟ್ಟಿಯಲ್ಲಿ ಕೂತಿದ್ದಳು. ಒಂದು ಮುದಿ ಟಗರು, ಉಣ್ಣೆ ನೆಲಕ್ಕೆ ಜೋತುಬಿದ್ದು, ನಡೆದರೆ ಕಂಬಳಿ ಹೊದ್ದ ಮುದುಕ ಬಂದ ಹಾಗೆ ಬಂತು. ಬಾಯಲ್ಲಿ ಹಲ್ಲಿಲ್ಲ. ದೇವವ್ವ ನೆನೆಸಿದ ಕಡಲೆಹೊಟ್ಟನ್ನು ಅಂಗೈಯಲ್ಲಿಟ್ಟು ತಿನ್ನಿಸುತ್ತಿದ್ದಳು. ಮುಂದಿನದನ್ನು ನನಗೆ ಹೇಳಿದವಳು ಜಬೀನಳೇ.

“ಇದು ಯಾರ ಕುರಿ ಆಯಿ?”

“ತೋಳಂದವ್ವ.”

“ಇಷ್ಟು ಮುದಿ ಆಗೂತನಕ ಯಾಕ ಬಿಟ್ಟೈತಿ? ಹ್ವಾದ ವರ್ಸ ಮೂರ ಸಲ ಇಲ್ಲೇ ಕೂಗೈತಲ್ಲ. ಹಟ್ಟಿಗೆ ಬಂದು ತನ್ನ ಪಾಲಾ ಯಾಕ ಒಯ್ದಿಲ್ಲ?”

ಮುದುಕಿ ಬಹಳ ಹೊತ್ತು ಟಗರಿನ ಗದ್ದ ಸವರಿದಳಂತೆ. ಆಮೇಲೆ ಅಂದಳಂತೆ:

“ಒಯ್ಯಾಕ, ಕೂಗಿದಾಕಿಗೆ ಹಲ್ಲಿಲ್ಲಲ್ಲ ನನ್ನವ್ವ.”

ಜಬೀನಳಿಗೆ ಮೊದಲು ನಗು ಬಂತಂತೆ. ನನ್ನ ಮುಂದೆ ಹೇಳುವಾಗಲೂ ನಕ್ಕಳು. ಆಮೇಲೆ ನಗು ತಾನಾಗಿ ನಿಂತಿತು. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಳು. ತೋಳವಿಲ್ಲ. ಉತ್ತರವಿಲ್ಲ. ಅಚ್ಚಾದ ಲೇಖನ ಸುಳ್ಳು. ಆರು ವರ್ಷ ಮುಗಿಯಲು ಹತ್ತು ತಿಂಗಳು.

“ಆಕಿಗೆ ಯಾರು ಹೇಳಿಕೊಟ್ರಂತ?” ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

“ಕೇಳಿದ್ನಿರಿ. ಯಾರೂ ಹೇಳಿಲ್ಲ, ನನಗಽ ತಿಳೀತು ಅಂದ್ಳು. ನಾ ದಿನಾ ಕರದು ಕರದು ಹೊಳ್ಳಿ ಬರೂದು ಆಕಿಗೆ ನೋಡಾಕ ಆಗಲಿಲ್ಲಂತ.”

ಮುದುಕಿ ನನ್ನ ಹೆಸರು ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಅಷ್ಟೇ ಅಲ್ಲ, ಅದರ ಮೇಲೆ ಉಪದೇಶ ಬೇರೆ ಮಾಡಿದೆ.

“ಸುಮ್ನಿದ್ದುಬಿಡು ತಂಗಿ. ಬಹುಶಃ ಅಂತ ಬರದೀಯಲ್ಲ, ಸಾಕು. ಯಾರು ಬಂದು ಗುಡ್ಡಾ ಹುಡಕ್ತಾರ?”

ಅವಳು ನನ್ನ ಅಂಗಡಿಯ ಕಡಲೆ ಚೀಲದ ಕಡೆ ನೋಡಿದಳು. “ಕಾಕಾ, ಕಲ್ಲ ಕೂಡಿಸಿದ ಕಡ್ಲಿ ನೀವು ಮಾರೀರೇನ್ರಿ?”

“ಮಾರೀನಿ.”

“ತಿಂದವ್ರ ಹಲ್ಲ?”

“ಅದು ಅವರವರ ಹಣೇಬರ.”

“ನನ್ನ ಮಾಲು ತಿನ್ನಾವ್ರು ಇನ್ನೂ ಹುಟ್ಟೇ ಇಲ್ರಿ,” ಎಂದಳು. “ಐವತ್ತ ವರ್ಸಾದ ಮ್ಯಾಲೆ ಯಾರರ ಓದಿ, ಆಗ ಇಲ್ಲಿ ತೋಳಿದ್ವು ಅಂತ ನಂಬ್ತಾರ. ಅವ್ರ ಹಲ್ಲಿಗೆ ನಾ ಏನ್ ಹೇಳ್ಲಿ?”

ಮೇಲೆ ಹೋಗಿ ಎರಡು ಪತ್ರ ಬರೆದಳು. ಒಂದು ಪತ್ರಿಕೆಗೆ, ಲೇಖನ ಹಿಂತೆಗೆದುಕೊಳ್ಳಲು. ಇನ್ನೊಂದು ಗೈಡಿಗೆ. ಮೇಡಂ ಬೈದರಂತೆ, ಆಮೇಲೆ ಅತ್ತರಂತೆ, ಆಮೇಲೆ ಹತ್ತು ತಿಂಗಳಲ್ಲಿ ಇನ್ನೊಂದು ಲೇಖನ ಆದರೆ ಸರಿ, ಇಲ್ಲವಾದರೆ ನನ್ನ ಕೈಯಲ್ಲಿ ಏನೂ ಇಲ್ಲ ಅಂದರಂತೆ. ನರೇಗಲ್ಲಿನಿಂದ ಟಿಪ್ಪುಸಾಬ ಬಂದ. ಮಗಳ ಗಾದಿಯ ಅರಳೆ ಗಂಟುಕಟ್ಟಿದೆಯೆಂದು ಗೋದಾಮಿನ ಕಟ್ಟೆಯ ಮೇಲೆ ಕೂತು ಬಿಚ್ಚಿ, ಹಿಂಜಿ, ಮತ್ತೆ ತುಂಬಿ ಹೊಲಿದು ಹೋದ.

ಗುಡ್ಡಕ್ಕೆ ಹೋಗಿ ಕರೆಯುವುದನ್ನು ಅವಳು ಬಿಡಲಿಲ್ಲ. ಜೊತೆಗೆ ಇನ್ನೊಂದು ಹಿಡಿದಳು. ಹಟ್ಟಿಯಿಂದ ಹಟ್ಟಿಗೆ ಹೋಗಿ ಒಂದೇ ಪ್ರಶ್ನೆ: ನಿಮ್ಮ ತೋಳನ ಕುರಿ ಕೊನೆಗೆ ಏನಾಯಿತು? ತೋಳ ಪಾಲು ಒಯ್ದಿತೋ, ಕುರಿ ಮುಪ್ಪಿನಿಂದ ಸತ್ತಿತೋ? ಯಾವಾಗ? ಕುರಿಗಾರರಿಗೆ ಇಸವಿ ಗೊತ್ತಿಲ್ಲ. ಮಗಳ ಮದುವೆಯ ವರ್ಷ, ದೊಡ್ಡ ಮಳೆಯ ವರ್ಷ, ಬಾಯಿಗೆ ಬಟ್ಟೆ ಕಟ್ಟಿಕೊಂಡ ರೋಗದ ವರ್ಷ ಎನ್ನುತ್ತಾರೆ. ಅದನ್ನೆಲ್ಲ ಅವಳು ಇಸವಿಗೆ ಇಳಿಸಿದಳು. ಮೂವತ್ತೇಳು ಹಟ್ಟಿ.

ಸುಗ್ಗಿ ಮುಗಿದ ಮೇಲೆ ನರಗುಂದದ ಕಾಲುವೆ ಹೊಲಗಳಲ್ಲಿ ಬೀಡುಬಿಟ್ಟ ಕುರಿಗಾರರು ನಕ್ಕರಂತೆ: ನಮ್ಮಜ್ಜನ ಕಾಲಕ್ಕೇ ಒಯ್ಯುವುದು ನಿಂತಿತು, ಆದರೂ ಒಂದನ್ನು ಬಿಡುತ್ತೇವೆ. ರೋಣದ ಆಚೆ ನಿಂತು ಹದಿನೆಂಟು ವರ್ಷ. ನರೇಗಲ್ಲಿನ ಬದಿಗೆ ಒಂಬತ್ತು. ಹಟ್ಟಿಗಳನ್ನು ನಕ್ಷೆಯ ಮೇಲೆ ಗುರುತಿಸಿ ನನಗೆ ತೋರಿಸಿದಳು. ಒಂದೊಂದೇ ಊರಿನಲ್ಲಿ ದೀಪ ಆರಿಸುತ್ತ ಯಾರೋ ಗುಡ್ಡದ ಕಡೆ ನಡೆದು ಬಂದ ಹಾಗಿತ್ತು. ಕೊನೆಯದು ದೇವವ್ವನ ಹಟ್ಟಿ. ಅಲ್ಲಿ ತೋಳ ಕೊನೆಯ ಸಲ ಪಾಲು ಒಯ್ದದ್ದು ಜಬೀನ ಬಂದ ಮೊದಲ ಚಳಿಗಾಲ, ಎಡಕಿವಿ ಹರಿದ ಆ ತೋಳ ರಸ್ತೆ ಬದಿಗೆ ಬೀಳುವ ಮುಂಚೆ. ಅವಳ ಪೆಟ್ಟಿಗೆಯಲ್ಲಿ ಇದ್ದದ್ದು ಬಹುಶಃ ಕೊನೆಯದರ ದನಿ. ಐದು ವರ್ಷದಿಂದ ಅದು ತನ್ನವರನ್ನು ಕರೆಯುತ್ತಿತ್ತು, ತನ್ನವರು ಯಾರೂ ಇಲ್ಲದ ಗುಡ್ಡದಲ್ಲಿ.

ಮೂವತ್ತೇಳು ಹಟ್ಟಿಗಳಲ್ಲೂ ಸಂಜೆ ಒಂದು ಕುರಿಯನ್ನು ಬಿಟ್ಟೇ ಎಣಿಸುತ್ತಿದ್ದರು.

ಈ ಹಟ್ಟಿಗಳ ಲೆಕ್ಕದ ಲೇಖನ ಎಂಟನೆಯ ತಿಂಗಳಿಗೆ ಒಪ್ಪಿಗೆಯಾಯಿತು. ಮಹಾಪ್ರಬಂಧವನ್ನು ಗಡುವಿಗೆ ನಾಲ್ಕು ದಿನ ಮೊದಲು ಕೊಟ್ಟಳು. ಹೋದ ಫೆಬ್ರುವರಿಯಲ್ಲಿ ಬಾಯಿಮಾತಿನ ಪರೀಕ್ಷೆ. ಯಾರು ಬೇಕಾದರೂ ಬರಬಹುದೆಂದು ತಿಳಿದು ನಾನೂ ದೇವವ್ವನೂ ವಿಶ್ವವಿದ್ಯಾಲಯಕ್ಕೆ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಮುದುಕಿ ಒಂದೇ ಮಾತು ಆಡಿದ್ದು: “ಸಾವಕಾರ್ರ, ಕಿಡಕಿ ಹಾಕ್ರಿ, ಗಾಳಿ ಕೂಗಾಕತ್ತೈತಿ.”

ಜಬೀನ ಇಸ್ತ್ರಿ ಮಾಡಿದ ಸಲ್ವಾರು ಹಾಕಿಕೊಂಡು ಹೊಸ ಕನ್ನಡಕದಲ್ಲಿ ನಿಂತಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ತಣ್ಣಗಿನ ಮನುಷ್ಯ. ಹಿಂತೆಗೆದುಕೊಂಡ ಲೇಖನದ ಬಗ್ಗೆಯೇ ಮೊದಲು ಕೇಳಿದರು. ಅವಳು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಮುದುಕಿಯ ಹೆಸರು ಹೇಳಲಿಲ್ಲ. ‘ಕೂಗನ್ನು ನಂಬಿದವಳು ನಾನು, ತಪ್ಪು ನನ್ನದು’ ಎಂದಳು. ಹಾಗಾದರೆ ಅಲ್ಲಿ ತೋಳವಿಲ್ಲವೆಂದು ಹೇಳುತ್ತೀರಾ ಎಂದು ಅವರು ಕೇಳಿದರು. ಅವಳು, “ಇಲ್ಲ ಅನ್ನಲಾರೆ ಸರ್. ಕರೆದೆ, ಕೇಳಿಸಲಿಲ್ಲ. ಅಷ್ಟನ್ನೇ ಹೇಳಬಲ್ಲೆ” ಎಂದಳು.

ಕೊನೆಗೆ ಅಧ್ಯಕ್ಷರು ಸಭೆಯಲ್ಲಿ ಯಾರಿಗಾದರೂ ಪ್ರಶ್ನೆಯಿದೆಯೇ ಎಂದರು. ಅದು ಬರೀ ಶಿಷ್ಟಾಚಾರ, ಯಾರೂ ಕೇಳುವುದಿಲ್ಲವಂತೆ. ನನ್ನ ಪಕ್ಕದಲ್ಲಿ ದೇವವ್ವ ಎದ್ದು ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

“ನನ್ನವ್ವ, ಆ ಮುದಿ ಟಗರು ಹ್ವಾದ ಅಮಾಸಿಗೆ ಸತ್ತೈತಿ. ಈಗ ಹೊಸಾ ಮರಿ ಬಿಡ್ಲೋ, ಎಲ್ಲಾ ಕೂಡಿಸಿ ಎಣಸ್ಲೋ? ನೀ ಓದಿದಾಕಿ, ನೀ ಹೇಳು.”

ಸಭೆಯಲ್ಲಿ ಒಬ್ಬಿಬ್ಬರು ನಕ್ಕು ನಿಲ್ಲಿಸಿದರು. ಜಬೀನ ಮೇಜಿನ ಅಂಚು ಹಿಡಿದುಕೊಂಡಳು. ಅಷ್ಟು ಹೊತ್ತು ಪುಸ್ತಕದ ಕನ್ನಡದಲ್ಲಿ ನಿಂತಿದ್ದವಳು ಹಟ್ಟಿಯ ಮಾತಿಗೆ ಇಳಿದಳು.

“ಒಂದ ಬಿಡು ಆಯಿ. ಎಣಸಬ್ಯಾಡ.”

ಪರೀಕ್ಷಕರು ತಲೆ ತಗ್ಗಿಸಿ ಏನೋ ಬರೆದುಕೊಂಡರು. ಅರ್ಧ ತಾಸಿಗೆ ಅವಳು ಡಾಕ್ಟರ್ ಜಬೀನ ನದಾಫ.

ಅಧ್ಯಕ್ಷರು ಇನ್ಯಾರಿಗಾದರೂ ಇದೆಯೇ ಎಂದು ಮತ್ತೊಮ್ಮೆ ಕೇಳಿದ್ದರು. ನನ್ನ ಕಡೆಗೂ ನೋಡಿದ್ದರು. ನಾನು ಕುರ್ಚಿಯ ಕೈ ಹಿಡಿದುಕೊಂಡು ಕೂತಿದ್ದೆ.

ಪ್ರಬಂಧದ ಒಂದು ಪ್ರತಿಯನ್ನು ಅಂಗಡಿಗೆ ತಂದುಕೊಟ್ಟಳು. ಉಪಕಾರ ಸ್ಮರಣೆಯ ಪುಟ ಮಾತ್ರ ಕನ್ನಡದಲ್ಲಿದೆ. ಅಪ್ಪನ ಹೆಸರು, ಮೇಡಂ ಹೆಸರು, ದೇವವ್ವನ ಹೆಸರು. ಆಮೇಲೆ: ‘ಗಜೇಂದ್ರಗಡದ ಪ್ರಭುಲಿಂಗಪ್ಪ ಕಾಕಾ ಅವರಿಗೆ, ಸೊನ್ನೆ ಬರೆದ ದಿನಗಳಲ್ಲೆಲ್ಲ ನಗಿಸಿದ್ದಕ್ಕೆ.’ ಅದನ್ನು ಗಲ್ಲೆಯ ಮೇಲಿಟ್ಟಿದ್ದೇನೆ. ಅವಳು ಕೋಣೆ ಖಾಲಿ ಮಾಡಿ ಹೋದಳು. ಶಟರ್ ಈಗಲೂ ಹಾಗೇ ಕೂಗುತ್ತದೆ, ಮತ್ತು ಎಳೆದಾದ ಮೇಲೆ ನಾನು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ, ಐದು ನಿಮಿಷ ಆಗುವವರೆಗೆ.

ದೇವವ್ವನಿಗೆ ಕೂಗು ಎಂದು ಹೇಳಿದವನು ನಾನು. ತಿಳಿದ ಮೇಲೂ ಹನ್ನೊಂದು ತಿಂಗಳು ಸುಮ್ಮನಿದ್ದವನೂ ನಾನೇ. ಆ ಹನ್ನೊಂದು ತಿಂಗಳು, ಮತ್ತು ಅವಳಿಗೆ ಇನ್ನೂ ಹೇಳದ ಈ ಒಂದು ಮಾತು, ಜಬೀನಳಿಗೆ ನಾನು ಕೊಡಬೇಕಾದದ್ದು.